ತೂಕ ಮರಳಿದ ಮೇಲೆ ಮಿದುಳು

ಹುಡುಗಿ: ಚಿಕ್ಕಮ್ಮ, ಸುತ್ತಿ ಬಳಸಿ ಕೇಳಲ್ಲ. ಊಟ ಬಿಟ್ಟಿದ್ದ ಆ ವರ್ಷಗಳಲ್ಲಿ ನನ್ನ ಮಿದುಳು ಕುಗ್ಗಿತ್ತಾ? ಕುಗ್ಗಿದ್ದರೆ ಈಗ ಮೊದಲಿನ ಹಾಗೆ ಆಗಿದೆಯಾ? ಕಾಲೇಜಿನಲ್ಲಿ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಎರಡು ಎಂಆರ್‌ಐ ಚಿತ್ರ ಪಕ್ಕಪಕ್ಕ ಹಾಕಿ ತೋರಿಸಿದ್ರು, ಒಂದು ಆರೋಗ್ಯವಾಗಿರೋ ಹುಡುಗಿಯದು, ಇನ್ನೊಂದು ನನಗಿದ್ದ ಅದೇ ಅನೊರೆಕ್ಸಿಯಾ ಇರೋಳದು. ಎರಡನೇದರಲ್ಲಿ ನಡುವಿನ ಕಪ್ಪು ಜಾಗ ಅಗಲವಾಗಿತ್ತು, ಅಂಚಿನ ಮಡಿಕೆಗಳ ನಡುವೆ ಬಿರುಕು ಬಿಟ್ಟ ಹಾಗಿತ್ತು. ಗುಣವಾದ ಮೇಲೆ ಆ ಚಿತ್ರ ಹೇಗಿರುತ್ತೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಚಿಕ್ಕಮ್ಮ: ನಿನ್ನ ಮಿದುಳಿನ ಬಗ್ಗೆ ನಾನು ಹೇಳೋಕಾಗಲ್ಲ ಕಣೆ. ಕಾಯಿಲೆಗೆ ಮುಂಚೆ ನಿನಗೆ ಎಂಆರ್‌ಐ ಮಾಡಿಸಿರಲಿಲ್ಲ, ಕಾಯಿಲೆ ಜೋರಾಗಿದ್ದಾಗಲೂ ಮಾಡಿಸಲಿಲ್ಲ. ಹೋಲಿಸಿ ನೋಡೋಕೆ ನನ್ನ ಹತ್ತಿರ ಏನೂ ಇಲ್ಲ. ಆದರೆ ಈ ಕಾಯಿಲೆ ಬಂದ ನೂರಾರು ಹೆಣ್ಣುಮಕ್ಕಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಏನು ಕಂಡಿದೆ ಅಂತ ಹೇಳಬಲ್ಲೆ. ಮಿದುಳು ಕುಗ್ಗುತ್ತೆ, ಅದನ್ನ ನಿನ್ನಿಂದ ಮುಚ್ಚಿಡಲ್ಲ. ಸರಿಯಾಗಿ ಊಟ ಮಾಡಿ ತೂಕ ಮರಳಿದ ಮೇಲೆ ಬಹುಮಟ್ಟಿಗೆ ತುಂಬಿಕೊಳ್ಳುತ್ತೆ. ಈ ಎರಡನೇ ಮಾತು ಹೇಳದೆ ಬರೀ ಆ ಚಿತ್ರ ತೋರಿಸಿ ಕಳಿಸಿದ್ದು ತಪ್ಪು. ಕೂತಿದ್ದವರಲ್ಲಿ ನಿನ್ನಂಥೋರು ಇನ್ನೆಷ್ಟು ಜನ ಇದ್ದರೋ.

ಹುಡುಗಿ: ಕುಗ್ಗೋದು ಅಂದರೆ ಎಷ್ಟು?

ಚಿಕ್ಕಮ್ಮ: ಮಿದುಳಿನ ಹೊರಪದರ ಇದೆಯಲ್ಲ, ಮಡಿಕೆ ಮಡಿಕೆಯಾಗಿ ಕಾಣೋ ಬೂದು ಬಣ್ಣದ್ದು, ಅದರ ಪೂರ್ತಿ ದಪ್ಪವೇ 2ರಿಂದ 4 ಮಿಲಿಮೀಟರ್. ಅದು ತೆಳುವಾಗುತ್ತೆ. ಒಳಗಿರೋ ಹಿಪೊಕ್ಯಾಂಪಸ್, ಥಲಾಮಸ್‌ನಂಥ ಭಾಗಗಳೂ ಚಿಕ್ಕದಾಗುತ್ತವೆ. ಖಾಲಿಯಾದ ಜಾಗಕ್ಕೆ ಮಿದುಳಿನ ದ್ರವ ತುಂಬಿಕೊಳ್ಳುತ್ತೆ. ನೀನು ನೋಡಿದ ಕಪ್ಪು ಅದೇ. 2022ರಲ್ಲಿ ಎನಿಗ್ಮಾ ಅನ್ನೋ ಅಂತರರಾಷ್ಟ್ರೀಯ ಸಂಶೋಧಕರ ಕೂಟ ಬೇರೆ ಬೇರೆ ದೇಶಗಳ 22 ಕೇಂದ್ರಗಳಿಂದ ಎಂಆರ್‌ಐಗಳನ್ನ ಒಟ್ಟುಮಾಡಿ ಲೆಕ್ಕ ಹಾಕಿತು. ಅನೊರೆಕ್ಸಿಯಾ ಇದ್ದ 685 ಹೆಣ್ಣುಮಕ್ಕಳು, ಇಲ್ಲದ 963 ಜನ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಎಸ್ತರ್ ವಾಲ್ಟನ್, ಜರ್ಮನಿಯ ಡ್ರೆಸ್ಡೆನ್‌ನ ಸ್ಟೆಫಾನ್ ಏರ್ಲಿಖ್ ಇವರೆಲ್ಲ ಆ ಕೆಲಸದಲ್ಲಿದ್ದರು. ಖಿನ್ನತೆ, ಗೀಳು ಕಾಯಿಲೆ, ಎಡಿಎಚ್‌ಡಿ ಇವುಗಳಲ್ಲಿ ಕಾಣೋ ವ್ಯತ್ಯಾಸಕ್ಕಿಂತ ಅನೊರೆಕ್ಸಿಯಾದಲ್ಲಿ ಕಾಣೋ ವ್ಯತ್ಯಾಸ 2ರಿಂದ 4 ಪಟ್ಟು ದೊಡ್ಡದು ಅಂತ ಉತ್ತರ ಬಂತು.

ಹುಡುಗಿ: ನಾಲ್ಕು ಪಟ್ಟು ಅಂದ್ಯಾ?

ಚಿಕ್ಕಮ್ಮ: ನೀನು ಸ್ಟ್ಯಾಟಿಸ್ಟಿಕ್ಸ್ ಓದ್ತಿರೋಳು, ಗಾಬರಿ ಬೀಳೋಕೆ ಮುಂಚೆ ಅದು ಯಾವುದರ ನಾಲ್ಕು ಪಟ್ಟು ಅಂತ ನೋಡು. ಮಿದುಳಿನ ನಾಲ್ಕನೇ ಒಂದು ಭಾಗ ಹೋಯಿತು ಅಂತ ಅಲ್ಲ. ಎರಡು ಗುಂಪುಗಳ ಸರಾಸರಿ ನಡುವಿನ ಅಂತರವನ್ನ ಗುಂಪಿನೊಳಗಿನ ಹರಡಿಕೆಯ ಜೊತೆ ತೂಗಿ ನೋಡಿದ ಅಳತೆ ಅದು. ಖಿನ್ನತೆಯಲ್ಲಿ ಆ ಅಂತರ ತೀರಾ ಸಣ್ಣದು, ಇಲ್ಲಿ ದೊಡ್ಡದು, ಅಷ್ಟೇ. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇತ್ತು. ಚಿಕಿತ್ಸೆ ಶುರುವಾಗಿ ತೂಕ ಸ್ವಲ್ಪ ಮರಳಿದವರಲ್ಲಿ ಈ ಅಂತರ ಆಗಲೇ ಕಡಿಮೆಯಾಗಿತ್ತು. ಪೂರ್ತಿ ಗುಣವಾದವರ ಮಾತಲ್ಲ ಇದು, ಅರ್ಧ ದಾರಿಯಲ್ಲಿದ್ದವರ ಮಾತು. ಪತ್ರಿಕೆಗಳು ಮೊದಲನೇ ವಿಷಯಕ್ಕೆ ಶೀರ್ಷಿಕೆ ಕೊಡ್ತವೆ. ನನ್ನ ರೋಗಿಗಳಿಗೆ ಬೇಕಾಗಿರೋದು ಎರಡನೇದು.

ಹುಡುಗಿ: ಆದರೂ ಹೋದದ್ದು ಏನು ಅಂತ ತಿಳಿಯಬೇಕು. ನರಕೋಶ ಸತ್ತರೆ ಮತ್ತೆ ಹುಟ್ಟಲ್ಲ ಅಂತ ಶಾಲೆಯಲ್ಲಿ ಓದಿದ್ದೀನಿ. ಸತ್ತಿದ್ದರೆ ತುಂಬಿಕೊಳ್ಳೋದು ಹೇಗೆ?

ಚಿಕ್ಕಮ್ಮ: ಸರಿಯಾದ ಪ್ರಶ್ನೆ. ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಸುಮ್ಮನೆ ಕೂತಾಗಲೂ ಅದು ತಿನ್ನೋ ಶಕ್ತಿ ಮಾತ್ರ ನೂರಕ್ಕೆ ಇಪ್ಪತ್ತು. ಆಹಾರ ಬರೋದು ನಿಂತಾಗ, ಮಳೆ ಕೈಕೊಟ್ಟ ವರ್ಷ ರೈತನ ಮನೆಯಲ್ಲಿ ಮಾಡೋ ಹಾಗೆ, ಮಿದುಳು ಕೂಡ ಮೊದಲು ಖರ್ಚು ಕಡಿತ ಮಾಡುತ್ತೆ. ಜನರನ್ನ ಕಳೆದುಕೊಳ್ಳೋದು ಆಮೇಲಿನ ಮಾತು. ನರಕೋಶಗಳ ಸುತ್ತ ಅವುಗಳನ್ನ ಪೋಷಿಸೋ ಕೋಶಗಳಿವೆ, ಆಸ್ಟ್ರೋಸೈಟ್ ಅಂತ. ಜರ್ಮನಿಯ ಆಖೆನ್‌ನಲ್ಲಿ ಇಲಿಗಳಿಗೆ ಆಹಾರ ಕಡಿಮೆ ಮಾಡಿ, ಓಡೋ ಚಕ್ರ ಇಟ್ಟು ನೋಡಿದರು. ಇಲಿಗಳ ಮಿದುಳು ಕುಗ್ಗಿತು, ಹೊರಪದರದಲ್ಲಿ ಆಸ್ಟ್ರೋಸೈಟ್‌ಗಳ ಸಂಖ್ಯೆ ಎದ್ದು ಕಾಣೋ ಹಾಗೆ ಇಳಿದಿತ್ತು. ಮತ್ತೆ ಹೊಟ್ಟೆ ತುಂಬ ಕೊಟ್ಟ ಮೇಲೆ ಮಿದುಳೂ ಬೆಳೆಯಿತು, ಆ ಕೋಶಗಳೂ ಹೆಚ್ಚಿದವು. 2018, 2019ರಲ್ಲಿ ಆ ವರದಿಗಳು ಬಂದವು.

ಹುಡುಗಿ: ಅದು ಇಲಿ.

ಚಿಕ್ಕಮ್ಮ: ಹೌದು, ಇಲಿ. ಮನುಷ್ಯರ ಮಿದುಳನ್ನ ಹಾಗೆ ಕತ್ತರಿಸಿ ನೋಡೋಕಾಗಲ್ಲ. ಆದರೆ ರಕ್ತ ನೋಡಬಹುದು. ನರತಂತುವಿಗೆ ಪೆಟ್ಟು ಬಿದ್ದಾಗ ನ್ಯೂರೋಫಿಲಮೆಂಟ್ ಅನ್ನೋ ಪ್ರೋಟೀನು ಅದರಿಂದ ಸೋರಿ ರಕ್ತಕ್ಕೆ ಬರುತ್ತೆ. ಡ್ರೆಸ್ಡೆನ್‌ನವರು ಕಾಯಿಲೆ ಜೋರಾಗಿದ್ದ ಹುಡುಗಿಯರ ರಕ್ತದಲ್ಲಿ ಅದು ಹೆಚ್ಚಾಗಿರೋದನ್ನ ಕಂಡರು. ಅದಕ್ಕೇ ನಾನು ಏನೂ ಆಗಲ್ಲ, ಬರೀ ನೀರು ಕಡಿಮೆಯಾಗಿತ್ತು ಅಂತ ನಿನಗೆ ಸುಳ್ಳು ಹೇಳಲ್ಲ. ಒಂದಿಷ್ಟು ನಿಜವಾದ ಪೆಟ್ಟೂ ಇದೆ. ತೂಕ ಏರುತ್ತಾ ಹೋದ ಹಾಗೆ ಆ ಪ್ರೋಟೀನು ರಕ್ತದಲ್ಲಿ ಇಳಿಯುತ್ತೆ ಅನ್ನೋದನ್ನೂ ಅವರೇ ತೋರಿಸಿದರು. ಊಟ ಶುರುವಾದರೆ ಪೆಟ್ಟು ಬೀಳೋದು ನಿಲ್ಲುತ್ತೆ ಅಂತ ನಾನು ಅದನ್ನ ಓದಿಕೊಂಡಿದ್ದೀನಿ.

ಹುಡುಗಿ: ಈಗ ಗುಣವಾದವರ ವಿಷಯ ಹೇಳು. ಒಬ್ಬಳನ್ನೇ ಮೊದಲೂ ಆಮೇಲೂ ನೋಡಿದ್ದಾರಾ?

ಚಿಕ್ಕಮ್ಮ: ನೋಡಿದ್ದಾರೆ. ಅಲ್ಲೂ ಡ್ರೆಸ್ಡೆನ್‌ನ ಹೆಸರೇ ಬರುತ್ತೆ. ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಒಂದು ಎಂಆರ್‌ಐ, ಸುಮಾರು ಮೂರು ತಿಂಗಳು ಊಟ ಮಾಡಿಸಿ ತೂಕ ಸ್ವಲ್ಪ ಏರಿದ ಮೇಲೆ ಇನ್ನೊಂದು. ಹೊರಪದರದ ಬಹುಭಾಗದಲ್ಲಿ ದಪ್ಪ ಹೆಚ್ಚಿತ್ತು. ಮೂರು ತಿಂಗಳು ಅಂದರೆ ಒಂದು ಸೆಮಿಸ್ಟರ್ ಕೂಡ ಅಲ್ಲ, ಯೋಚನೆ ಮಾಡು! 2016ರಲ್ಲಿ ಅದನ್ನ ಓದಿದ ದಿನ ನನಗೆ ಆದ ಸಂತೋಷ ಈಗಲೂ ನೆನಪಿದೆ. ಅದಕ್ಕೆ ಒಂದು ವರ್ಷ ಮುಂಚೆ ಅದೇ ತಂಡ ಕಾಯಿಲೆಯಲ್ಲಿ ಇರೋರು, ಬಹಳ ದಿನದಿಂದ ಗುಣವಾಗಿರೋರು, ಕಾಯಿಲೆ ಬಾರದೇ ಇರೋರು ಅಂತ ಮೂರು ಗುಂಪು ಮಾಡಿ ಹೋಲಿಸಿತ್ತು. ಕಾಯಿಲೆಯಲ್ಲಿ ಇರೋರ ಹೊರಪದರ ಬಹುತೇಕ ಎಲ್ಲ ಕಡೆ ತೆಳುವಾಗಿತ್ತು. ಗುಣವಾದವರದು ಉಳಿದವರ ಹಾಗೇ ಇತ್ತು. 2006ರಲ್ಲೇ ಇನ್ನೊಂದು ತಂಡ ಅನೊರೆಕ್ಸಿಯಾ, ಅತಿಯಾಗಿ ತಿಂದು ಕಕ್ಕೋ ಬುಲಿಮಿಯಾ ಎರಡರಿಂದಲೂ ಬಹುಕಾಲದಿಂದ ಹೊರಗಿರೋ ಹೆಂಗಸರ ಮಿದುಳಿನ ಗಾತ್ರ ಮಾಮೂಲಿನಂತೆ ಇದೆ ಅಂತ ಬರೆದಿತ್ತು.

ಹುಡುಗಿ: ಎಲ್ಲರೂ ಒಂದೇ ಮಾತು ಹೇಳ್ತಾರಾ?

ಚಿಕ್ಕಮ್ಮ: ಇಲ್ಲ. 1997ರಲ್ಲಿ ಕೆನಡಾದ ಟೊರಾಂಟೋದಲ್ಲಿ ಡೆಬ್ರಾ ಕಾಟ್ಜ್‌ಮನ್ ಅವರ ತಂಡ ಹದಿಹರೆಯದ ಹುಡುಗಿಯರನ್ನ ತೂಕ ಏರಿದ ಮೇಲೆ ಮತ್ತೆ ನೋಡಿತು. ಮಿದುಳಿನ ಒಳಗಿನ ಬಿಳಿ ಭಾಗ ಸುಧಾರಿಸಿತ್ತು, ಬೂದು ಭಾಗದಲ್ಲಿ ಕೊರತೆ ಉಳಿದಿತ್ತು. ಬಹಳ ವರ್ಷ ನಾವೆಲ್ಲ ಅದನ್ನೇ ಉದಾಹರಿಸ್ತಿದ್ದೆವು. ಇದು ಶಾಶ್ವತ ಗಾಯ ಅಂತ ತಂದೆತಾಯಿಯರಿಗೂ ಹೇಳಿದ ವೈದ್ಯರಿದ್ದಾರೆ.

ಹುಡುಗಿ: ಹಾಗಾದರೆ ನಾನು ಯಾವುದನ್ನ ನಂಬಲಿ?

ಚಿಕ್ಕಮ್ಮ: ನೀನೇ ಹೇಳು. ಮರುಪರೀಕ್ಷೆಗೆ ಬಂದವರು ಕೆಲವೇ ಜನ. ಅಳೆಯೋ ವಿಧಾನವೂ ಆ ಕಾಲದ್ದು, ಹಳೇದು.

ಹುಡುಗಿ: ತೂಕ ಏರಿದ್ದಕ್ಕೂ ಗುಣವಾಗಿದ್ದಕ್ಕೂ ನಡುವೆ ಎಷ್ಟು ಕಾಲ ಹೋಗಿತ್ತು ಅನ್ನೋದನ್ನೂ ಕೇಳಬೇಕು. ಆಸ್ಪತ್ರೆಯಿಂದ ಬಿಡುಗಡೆ ಆಗೋ ವಾರ ಅಳೆದರೆ ಒಂದು ಉತ್ತರ, ಎರಡು ವರ್ಷ ಬಿಟ್ಟು ಅಳೆದರೆ ಇನ್ನೊಂದು. ಜೊತೆಗೆ ಆ ವಯಸ್ಸಿನಲ್ಲಿ ಎಲ್ಲರ ಬೂದು ಭಾಗವೂ ಬದಲಾಗ್ತಾ ಇರುತ್ತೆ ಅಲ್ವಾ? ಯಾರಿಗೆ ಹೋಲಿಸ್ತೀವಿ ಅನ್ನೋದೂ ಬದಲಾಗುತ್ತೆ.

ಚಿಕ್ಕಮ್ಮ: ಅದನ್ನೇ ನಾನು ಹೇಳೋಕಿದ್ದೆ. ಗುಣವಾದವರು ಅನ್ನೋ ಪದವನ್ನ ಒಬ್ಬೊಬ್ಬರು ಒಂದೊಂದು ರೀತಿ ಬಳಸ್ತಾರೆ. ಕೆಲವರಿಗೆ ತೂಕ ಬಂದರೆ ಸಾಕು. ಕೆಲವರು ಮುಟ್ಟು ಸರಿಯಾಗಿ ಆಗ್ತಿರಬೇಕು, ಒಂದು ವರ್ಷ ಊಟ ಬಿಟ್ಟಿರಬಾರದು, ತಿಂದದ್ದನ್ನ ಕಕ್ಕಿರಬಾರದು ಅಂತ ಕೇಳ್ತಾರೆ. ಎರಡನೇ ರೀತಿ ಬಿಗಿಯಾಗಿ ಆರಿಸಿಕೊಂಡಾಗ ಮಿದುಳಿನ ಗಾತ್ರ ಮಾಮೂಲಾಗಿರೋದೇ ಹೆಚ್ಚಾಗಿ ಕಂಡಿದೆ. ಹಾಗಾಗಿ ಇದರಲ್ಲಿ ನಾನು ಡ್ರೆಸ್ಡೆನ್‌ನವರ ಕಡೆ.

ಹುಡುಗಿ: ಅಂದರೆ ಗುಣವಾದವಳ ಮಿದುಳಿಗೂ ಬೇರೆಯವಳ ಮಿದುಳಿಗೂ ಏನೂ ವ್ಯತ್ಯಾಸ ಉಳಿಯಲ್ಲ?

ಚಿಕ್ಕಮ್ಮ: ಹಾಗೂ ಹೇಳೋಕಾಗಲ್ಲ. ಅಮೆರಿಕದಲ್ಲಿ ಗೀಡೋ ಫ್ರ್ಯಾಂಕ್ ಅಂತ ಒಬ್ಬರು 2013ರಲ್ಲಿ ಒಂದು ಕುತೂಹಲದ ವಿಷಯ ಕಂಡರು. ಹಣೆಯ ಹಿಂದೆ, ಕಣ್ಣುಗುಡ್ಡೆಗಳ ಮೇಲ್ಭಾಗದಲ್ಲಿ ಒಂದು ಮಡಿಕೆ ಇದೆ. ರುಚಿ, ಅದರ ಸುಖ, ಸಾಕು ಅನ್ನಿಸೋದು ಇವುಗಳ ಜೊತೆ ಅದಕ್ಕೆ ಸಂಬಂಧ. ಅದು ಕಾಯಿಲೆಯಲ್ಲಿ ಇರೋರಲ್ಲೂ ಗುಣವಾದವರಲ್ಲೂ ಬೇರೆಯವರಿಗಿಂತ ದೊಡ್ಡದಾಗಿತ್ತು. ಕುಗ್ಗೋ ಕಾಯಿಲೆಯಲ್ಲಿ ದೊಡ್ಡದಾಗಿರೋ ಭಾಗ! ಇನ್ನೊಂದು, ಆಕಾರಕ್ಕಿಂತ ಕೆಲಸಕ್ಕೆ ಸೇರಿದ್ದು. ಸ್ಯಾನ್ ಡಿಯಾಗೋದಲ್ಲಿ ವಾಲ್ಟರ್ ಕೇ ಅವರ ತಂಡ ಗುಣವಾದ ಹೆಂಗಸರ ನಾಲಿಗೆಗೆ ಸಕ್ಕರೆ ನೀರು ಕೊಟ್ಟು ಮಿದುಳು ನೋಡಿತು. ರುಚಿಯನ್ನ ಗ್ರಹಿಸೋ ಇನ್ಸುಲಾ ಅನ್ನೋ ಭಾಗ ಅನೊರೆಕ್ಸಿಯಾದಿಂದ ಗುಣವಾದವರಲ್ಲಿ ಕಡಿಮೆ ಸ್ಪಂದಿಸಿತು.

ಹುಡುಗಿ: ಅದು ಕಾಯಿಲೆ ಬಿಟ್ಟುಹೋದ ಗುರುತಾ, ಕಾಯಿಲೆಗೆ ಮುಂಚೆಯೇ ಇದ್ದದ್ದಾ?

ಚಿಕ್ಕಮ್ಮ: ಕಾಯಿಲೆ ಬರೋ ಮುಂಚಿನ ಚಿತ್ರ ಇದ್ದರೆ ತಾನೇ ಹೇಳೋಕೆ? ನನ್ನ ಅಂದಾಜು, ಒಂದು ಪಾಲು ಮುಂಚೆಯೇ ಇದ್ದದ್ದು. 2019ರಲ್ಲಿ ಬಂದ ದೊಡ್ಡ ಅನುವಂಶಿಕ ಅಧ್ಯಯನವೊಂದು ಸುಮಾರು 17,000 ರೋಗಿಗಳ ಡಿಎನ್‌ಎ ನೋಡಿ, ಈ ಕಾಯಿಲೆಗೆ ಸಂಬಂಧಪಟ್ಟ 8 ತಾಣಗಳನ್ನ ಗುರುತಿಸಿತು. ಮನಸ್ಸಿನ ಕಾಯಿಲೆಗಳ ಜೊತೆಗಷ್ಟೇ ಅಲ್ಲ, ದೇಹ ಸಕ್ಕರೆ, ಕೊಬ್ಬನ್ನ ನಿಭಾಯಿಸೋ ರೀತಿಯ ಜೊತೆಗೂ ನಂಟು ಕಂಡಿತು. ಸ್ವಭಾವದ ವಿಷಯಕ್ಕೂ ಅಷ್ಟೇ, ನಿನ್ನನ್ನೇ ನೋಡು. ಒಂದನೇ ಕ್ಲಾಸಿನಲ್ಲಿ ಒಂದು ಅಕ್ಷರ ಗೆರೆ ದಾಟಿದರೆ ಪುಟ ಹರಿದು ಮತ್ತೆ ಬರೀತಿದ್ದೆ. ಆಗ ನಿನಗೆ ಯಾವ ಕಾಯಿಲೆ ಇತ್ತು?

ಹುಡುಗಿ: ಅದು ಕೇಳೋಕೆ ಭಯವಾಗುತ್ತೆ ಚಿಕ್ಕಮ್ಮ. ಹುಟ್ಟಿನಿಂದಲೇ ನಾನು ಹೀಗೆ ಅಂತ ಆಗುತ್ತಲ್ಲ.

ಚಿಕ್ಕಮ್ಮ: ಆ ಸ್ವಭಾವದಲ್ಲೇ ನೀನು ಗಣಿತ ಮಾಡ್ತಿದ್ದೀಯ, ವೀಣೆ ನುಡಿಸ್ತೀಯ. ಗುಣವಾಗೋದು ಅಂದರೆ ಬೇರೆಯವಳಾಗೋದು ಅಂತ ಯಾರು ಹೇಳಿದರು ನಿನಗೆ? ಈ ಸ್ವಭಾವಕ್ಕೆ ಉಪವಾಸ ಸೇರಿಕೊಂಡರೆ ಅಪಾಯ ಅಂತ ನಿನಗೀಗ ಗೊತ್ತು. ನೆಂಟರ ಮನೆಯಲ್ಲಿ ಹತ್ತು ಜನ ಏಕಾದಶಿ ಮಾಡಿದರೆ ಒಂಬತ್ತು ಜನಕ್ಕೆ ಏನೂ ಆಗಲ್ಲ. ನೀನು ಮಾಡಬೇಡ. ಡಾಕ್ಟರ್ ಬೇಡ ಅಂದಿದ್ದಾರೆ ಅಂತ ಅಜ್ಜಿಗೆ ಹೇಳು, ನನ್ನ ಹೆಸರು ಹೇಳು.

ಹುಡುಗಿ: ಇನ್ನೊಂದು ಕೇಳಬೇಕು, ಇದನ್ನ ಅಮ್ಮನ ಹತ್ತಿರ ಹೇಳಿಲ್ಲ. ತೂಕ ಬಂದ ದಿನ ಮನೆಯಲ್ಲಿ ಎಲ್ಲರಿಗೂ ಎಷ್ಟು ಸಂತೋಷ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆಮೇಲೆ ಯಾರೂ ನನ್ನ ಜೊತೆ ಊಟಕ್ಕೆ ಕೂರೋದು ಬಿಟ್ಟರು, ಗುಣವಾದಳಲ್ಲ ಅಂತ. ನನಗೆ ಅತಿ ಕಷ್ಟವಾಗಿದ್ದು ಆಗ. ತಟ್ಟೆ ಮುಂದೆ ಕೂತರೆ ತಲೆಯಲ್ಲಿ ಎಷ್ಟು ತಿಂದೆ ಅನ್ನೋ ಅದೇ ಹಳೇ ಲೆಕ್ಕ. ಮದುವೆಮನೆಯಲ್ಲಿ ಒಬ್ಬರು ಈಗ ಮೈಕೈ ತುಂಬಿಕೊಂಡಿದ್ದೀಯ ಅಂದ್ರು. ಆ ಮಾತು ಎಷ್ಟು ರಾತ್ರಿ ನಿದ್ದೆಗೆಡಿಸಿತು. ಮಿದುಳು ಮೂರು ತಿಂಗಳಲ್ಲಿ ತುಂಬಿಕೊಳ್ಳುತ್ತೆ ಅಂತೀಯ. ಮತ್ತೆ ನನ್ನ ಮನಸ್ಸಿಗೆ ಯಾಕೆ ಅಷ್ಟು ಕಾಲ ಹಿಡೀತು?

ಚಿಕ್ಕಮ್ಮ: ಹೇಳದೆ ಇಟ್ಟುಕೊಂಡೆಯಲ್ಲ ಪುಟ್ಟಿ. ನನಗಾದರೂ ಹೇಳಬಾರದಿತ್ತಾ? ಕೇಳು. ನಾವು ಎಂಆರ್‌ಐನಲ್ಲಿ ದಪ್ಪ ಅಳೀತೀವಿ. ವರ್ಷಗಟ್ಟಲೆ ಅಭ್ಯಾಸವಾದ ಹೆದರಿಕೆಯನ್ನ ಆ ಅಳತೆ ಹೇಳಲ್ಲ. ಪದರ ತುಂಬಿಕೊಂಡ ಮೇಲೂ ಆ ಹೆದರಿಕೆ ಬಿಡೋಕೆ ಬೇರೆಯೇ ಕಾಲ ಬೇಕು. ಇದು ನಿನ್ನ ಹಟ ಅಲ್ಲ, ನಿನ್ನ ದೌರ್ಬಲ್ಯವೂ ಅಲ್ಲ. ಯುದ್ಧದ ಕಾಲದಲ್ಲಿ, 1944-45ರಲ್ಲಿ, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅನ್ನೋರು 36 ಜನ ಗಂಡಸರ ಮೇಲೆ ಒಂದು ಪ್ರಯೋಗ ಮಾಡಿದರು. ಯುದ್ಧಕ್ಕೆ ಹೋಗಲ್ಲ ಅಂದ ಆರೋಗ್ಯವಂತ ಯುವಕರು, ತಾವಾಗಿ ಒಪ್ಪಿಕೊಂಡು ಬಂದವರು. ಆರು ತಿಂಗಳು ಅರೆಹೊಟ್ಟೆ. ಅವರಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ. ಆದರೂ ದಿನವೆಲ್ಲ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದೋರು, ಅಡುಗೆ ವಿಧಾನ ಬರೆದಿಟ್ಟುಕೊಳ್ಳೋರು, ಒಂದು ತಟ್ಟೆ ಊಟವನ್ನ ಗಂಟೆಗಟ್ಟಲೆ ಎಳೆಯೋರು, ಸ್ನೇಹಿತರಿಂದ ದೂರವಾಗೋರು, ಸಣ್ಣದಕ್ಕೆ ಸಿಡುಕೋರು.

ಹುಡುಗಿ: ನಾನು ಯೂಟ್ಯೂಬ್‌ನಲ್ಲಿ ಮಧ್ಯರಾತ್ರಿ ಹೋಳಿಗೆ ಮಾಡೋದನ್ನ ನೋಡ್ತಿದ್ದೆ. ಒಂದು ಚೂರೂ ತಿನ್ನಲ್ಲ ಅಂತ ಗೊತ್ತಿದ್ದೂ ನೋಡ್ತಿದ್ದೆ. ನನಗೆ ಹುಚ್ಚು ಹಿಡಿದಿದೆ ಅಂದುಕೊಂಡಿದ್ದೆ.

ಚಿಕ್ಕಮ್ಮ: ಹಸಿವು ಹಿಡಿದಿತ್ತು. ಆ ಗಂಡಸರಿಗೆ ಮತ್ತೆ ಊಟ ಕೊಡೋಕೆ ಶುರುಮಾಡಿದ ಕೂಡಲೇ ಅದೆಲ್ಲ ಹೋಗಲಿಲ್ಲ. ಎಷ್ಟು ತಿಂದರೂ ತೃಪ್ತಿಯಿಲ್ಲ ಅಂತ ಕೆಲವರು ತಿಂಗಳುಗಟ್ಟಲೆ ಒದ್ದಾಡಿದರು. 1950ರಲ್ಲಿ ಕೀಸ್ ಎರಡು ಸಂಪುಟದಲ್ಲಿ ಅದನ್ನೆಲ್ಲ ಪ್ರಕಟಿಸಿದರು. ಕಾಯಿಲೆಯೇ ಇಲ್ಲದವರಿಗೆ ಅಷ್ಟು ಕಾಲ ಬೇಕಾಯಿತು ಅಂದ ಮೇಲೆ ನಿನಗೆ ಇನ್ನಷ್ಟು ಬೇಕಾಗೋದು ಸಹಜ. ನನ್ನನ್ನ ಕೇಳಿದರೆ, ಮನೆಯವರು ಹಿಂದೆ ಸರಿಯೋದು ತಪ್ಪು ಸಮಯದಲ್ಲಿ. ತೂಕ ಬರೋವರೆಗೆ ಹುಡುಗಿಯ ಮಿದುಳಿಗೇ ಆಹಾರವಿಲ್ಲ, ಎಷ್ಟು ಬುದ್ಧಿ ಹೇಳಿದರೂ ತಲೆಗೆ ಹೋಗಲ್ಲ. ತೂಕ ಬಂದ ಮೇಲೆ ಕೇಳಿಸಿಕೊಳ್ಳೋ ಶಕ್ತಿ ಬರುತ್ತೆ. ಸರಿಯಾಗಿ ಆ ಹೊತ್ತಿಗೆ ಎಲ್ಲರೂ ಎದ್ದು ಹೋಗ್ತಾರೆ!

ಹುಡುಗಿ: ಅದಕ್ಕೆ ಏನಾದರೂ ಪದ್ಧತಿ ಇದೆಯಾ?

ಚಿಕ್ಕಮ್ಮ: ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಶುರುವಾದ ಪದ್ಧತಿ ಇದೆ. ಹದಿಹರೆಯದವರಿಗೆ ತಂದೆತಾಯಿಯೇ ಪಕ್ಕದಲ್ಲಿ ಕೂತು ಊಟ ಮಾಡಿಸಬೇಕು. ಮೊದಲು ಊಟದ ಜವಾಬ್ದಾರಿ ಪೂರ್ತಿ ಅವರದು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಮಗುವಿನ ಕೈಗೆ ವಾಪಸ್. ಒಂದೇ ದಿನ ಬಿಟ್ಟುಬಿಡೋದಲ್ಲ. 1987ರಲ್ಲಿ ಅದರ ಮೊದಲ ಫಲಿತಾಂಶ ಬಂತು, ಈಗ ಎಷ್ಟೋ ದೇಶಗಳಲ್ಲಿ ಮಾಡ್ತಾರೆ. ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದದ್ದೆಲ್ಲ ಇದೆ. ಒಟ್ಟಿಗೆ ಕೂತು ಉಣ್ಣೋದು ನಮಗೆ ಯಾರೂ ಕಲಿಸಬೇಕಿಲ್ಲ.

ಹುಡುಗಿ: ಇಲ್ಲಿ ಕಾಯಿಲೆ ಅಂತಲೇ ಯಾರೂ ಒಪ್ಪಲ್ಲ ಚಿಕ್ಕಮ್ಮ. ನನ್ನನ್ನ ಮೊದಲು ಕರೆದುಕೊಂಡು ಹೋಗಿದ್ದು ಗ್ಯಾಸ್ಟ್ರಿಕ್ ಅಂತ. ನಾನೂ ಹೊಟ್ಟೆ ಉಬ್ಬರ ಅಂತಲೇ ಹೇಳ್ತಿದ್ದೆ.

ಚಿಕ್ಕಮ್ಮ: ನಮ್ಮಲ್ಲಿ ಬಹಳ ಜನ ಹಾಗೇ ಹೇಳ್ತಾರೆ, ದಪ್ಪ ಆಗ್ತೀನಿ ಅನ್ನೋ ಭಯವನ್ನ ಬಾಯಿಬಿಟ್ಟು ಹೇಳಲ್ಲ. ಹೊಟ್ಟೆ ಡಾಕ್ಟರ ಹತ್ತಿರ ತಿಂಗಳುಗಳು ಕಳೀತವೆ. ಇದು ವಿದೇಶದ ಕಾಯಿಲೆ ಅನ್ನೋ ನಂಬಿಕೆ ವೈದ್ಯರಲ್ಲೂ ಇತ್ತು. ಬೆಂಗಳೂರಿನ ಮನೋವೈದ್ಯರನ್ನ ಕೇಳಿ ಮಾಡಿ 2012ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಮೂರರಲ್ಲಿ ಎರಡು ಪಾಲು ವೈದ್ಯರು ಊಟಕ್ಕೆ ಸಂಬಂಧಪಟ್ಟ ಇಂಥ ಕಾಯಿಲೆಯ ರೋಗಿಯನ್ನ ನೋಡಿದ್ದೀವಿ ಅಂದರು.

ಹುಡುಗಿ: ಈಗ ನಾನು ಒಂದು ಎಂಆರ್‌ಐ ಮಾಡಿಸಲಾ? ನೋಡಿದರೆ ಸಮಾಧಾನ ಆಗಬಹುದು.

ಚಿಕ್ಕಮ್ಮ: ಬೇಡ. ಒಬ್ಬಳ ಒಂದು ಚಿತ್ರ ನೋಡಿ ಅವಳಿಗೆ ಅನೊರೆಕ್ಸಿಯಾ ಇತ್ತು, ಈಗ ಹೋಗಿದೆ ಅಂತ ಯಾವ ವೈದ್ಯರೂ ಹೇಳೋಕಾಗಲ್ಲ. ಬೇರೆ ಏನಾದರೂ ಇದೆಯಾ ಅನ್ನೋ ಅನುಮಾನಕ್ಕೆ ಎಂಆರ್‌ಐ ಮಾಡಿಸ್ತೀವಿ, ಅಷ್ಟೇ. ಆ ದುಡ್ಡಿಗೆ ಮೂಳೆಯ ಸಾಂದ್ರತೆ ನೋಡಿಸು. ಮಿದುಳಿನಷ್ಟು ಚೆನ್ನಾಗಿ ಮೂಳೆ ಚೇತರಿಸಿಕೊಳ್ಳಲ್ಲ. ಹದಿನೇಳು ಹದಿನೆಂಟರಲ್ಲಿ ಕಟ್ಟಿಕೊಳ್ಳಬೇಕಾದದ್ದು ತಪ್ಪಿಹೋದರೆ ಕೊರತೆ ಉಳಿಯಬಹುದು. ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗ್ತಿದೆಯಾ ಗಮನಿಸು. ತಪ್ಪಿದರೆ ಆ ವಾರವೇ ನನಗೆ ಫೋನ್ ಮಾಡು.

ಹುಡುಗಿ: ಆಗ್ತಿದೆ. ಆದರೂ ಒಮ್ಮೊಮ್ಮೆ ಆ ಲೆಕ್ಕ ಬರುತ್ತೆ ತಲೆಗೆ. ಪರೀಕ್ಷೆ ಹತ್ತಿರ ಬಂದಾಗ. ಇದು ಪೂರ್ತಿ ಹೋಗೋದು ಯಾವಾಗ?

ಚಿಕ್ಕಮ್ಮ: ಬಾಸ್ಟನ್ನಿನಲ್ಲಿ ಒಂದು ತಂಡ ರೋಗಿಗಳನ್ನ ಸುಮಾರು 22 ವರ್ಷದವರೆಗೂ ಹಿಂಬಾಲಿಸಿತು. ಒಂಬತ್ತು ವರ್ಷದ ಹೊತ್ತಿಗೆ ಅನೊರೆಕ್ಸಿಯಾದಿಂದ ಗುಣವಾದವರು ನೂರಕ್ಕೆ ಸುಮಾರು 31 ಜನ. ಅಲ್ಲಿಗೇ ನಿಲ್ಲಿಸಿದ್ದರೆ ಎಲ್ಲರೂ ಕೈಚೆಲ್ಲಿ ಕೂರ್ತಿದ್ದರು. 22 ವರ್ಷದ ಹೊತ್ತಿಗೆ ಆ ಲೆಕ್ಕ ಸುಮಾರು 63ಕ್ಕೆ ಏರಿತ್ತು. ಹತ್ತು ವರ್ಷವಾಯಿತು, ಇವಳು ಇನ್ನು ಗುಣವಾಗಲ್ಲ ಅಂತ ಯಾರಾದರೂ ಹೇಳಿದರೆ ನಾನು ಈ ಲೆಕ್ಕ ಹೇಳ್ತೀನಿ. ನೀನು ಇಷ್ಟು ಬೇಗ ಈ ಮಟ್ಟಕ್ಕೆ ಬಂದಿದ್ದೀಯ. ಪರೀಕ್ಷೆ ಸಮಯದಲ್ಲಿ ಒಬ್ಬಳೇ ಊಟಕ್ಕೆ ಕೂರಬೇಡ. ಹಾಸ್ಟೆಲ್ ಗೆಳತಿಯರಿಗೆ ಹೇಳಿ ಇಟ್ಟಿರು. ಅಮ್ಮನಿಗೆ ನಾನು ಹೇಳ್ತೀನಿ.

ಹುಡುಗಿ: ಅಮ್ಮನಿಗೆ ನಾನೇ ಹೇಳ್ತೀನಿ ಚಿಕ್ಕಮ್ಮ. ಬೇರೆ ಮನೆಗಳಿಗೆ ನೀನು ಹೇಳು. ಇದನ್ನ ಬರೆದು ಪತ್ರಿಕೆಗೆ ಕೊಡು.

ಚಿಕ್ಕಮ್ಮ: ಬರೆದರೆ ಇಷ್ಟನ್ನ ಬರೀತೀನಿ. ಮನೆಯಲ್ಲಿ ಯಾರಾದರೂ ಊಟ ಬಿಡ್ತಾ ಬಂದು ಸೊರಗ್ತಿದ್ದರೆ, ಬುದ್ಧಿ ಹೇಳ್ತಾ ಕಾಯಬೇಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಬಹಳ ದಿನ ಹೊಟ್ಟೆಗಿಲ್ಲದವರಿಗೆ ಒಮ್ಮೆಲೇ ಜಾಸ್ತಿ ಉಣ್ಣಿಸಿದರೆ ರಕ್ತದಲ್ಲಿ ಫಾಸ್ಫೇಟ್ ಇಳಿದು ಹೃದಯಕ್ಕೆ ಅಪಾಯವಾಗಬಹುದು, ಹಾಗಾಗಿ ಮೊದಲ ವಾರಗಳ ಊಟ ವೈದ್ಯರ ಕಣ್ಗಾವಲಲ್ಲೇ ನಡೀಬೇಕು. ತೂಕ ಬಂದ ಮೇಲೆ ಇನ್ನೂ ಬಹಳ ಕಾಲ ಜೊತೆಯಲ್ಲಿ ಊಟಕ್ಕೆ ಕೂತಿರಿ. ಅವಳ ಮೈಯ ಬಗ್ಗೆ ಮೆಚ್ಚಿಕೊಂಡೂ ಮಾತಾಡಬೇಡಿ. ಯಾರ ಹತ್ತಿರ ಹೋಗಬೇಕು ಅಂತ ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. 2022ರ ಅಕ್ಟೋಬರ್‌ನಿಂದ ನಡೀತಿದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ನಂಬರು 14416.